ಬಳೆಯೊಳಗಿನ ನೀಲಿ ಎಳೆ

ಕಲ್ಲವ್ವನ ಗಂಡ ಸತ್ತಿರಲಿಲ್ಲ. ಸೊಲ್ಲಾಪುರದಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಹೀಗಾಗಿ ಅವಳ ಕೈಯಲ್ಲಿ ಬಳೆ ಇದ್ದವು, ಹಣೆಯ ಮೇಲೆ ಕುಂಕುಮವೂ ಇತ್ತು. ಆದರೆ ಅರಿಷಿಣ ಕುಂಕುಮಕ್ಕೆ ಹೆಂಗಸರು ಕೂಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹತ್ತುತ್ತಿತ್ತು. ಬರಬೇಡ ಎಂದು ಯಾರೂ ಅಂದವರಲ್ಲ. ಒಲೆಯ ಮೇಲೆ ಎಣ್ಣೆ ಕಾಯಲಿಟ್ಟವಳನ್ನು ಬಾ ಎಂದು ಯಾರು ಕರೆದಾರು?

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಟ್ರಂಕು ಹಿಡಿದುಕೊಂಡು ಅವಳು ಪುಣೆಗೆ, ಕೋಥರೂಡದ ಅಣ್ಣನ ಮನೆಗೆ ಬಂದಳು. ಅಣ್ಣ ಮಲಕಪ್ಪ ಇಂಡಿ ಕಡೆಯವನು. ಜೋಳ, ಶೇಂಗಾ, ಬೆಲ್ಲದ ಅಂಗಡಿ. ಅವಳು ಬಂದ ಮೇಲೆ ಅಂಗಡಿಯ ಕಪಾಟಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳ, ಕಡಕ್ ರೊಟ್ಟಿಯ ಪಾಕೀಟುಗಳೂ ಕಾಣಿಸಿಕೊಂಡವು. ಮೇಲೆ ಮರಾಠಿಯಲ್ಲಿ ‘ಘರಗುತಿ’ ಎಂದು ಅಚ್ಚಾಗಿತ್ತು, ಮನೆಯಲ್ಲಿ ಮಾಡಿದ್ದು ಎಂದು. ಮನೆಯಲ್ಲಿ ಯಾರು ಮಾಡಿದ್ದು ಎಂಬುದಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲ.

ತೊಂಬತ್ತೆಂಟರಲ್ಲಿ ಮಲಕಪ್ಪನ ಸೊಸೆ ತ್ರಿವೇಣಿ ಬಸಿರಾದಳು. ಬಸುರಿಯ ಬಯಕೆಯ ಊಟಕ್ಕೆ ಪುಣೆಯಲ್ಲಿ ಡೋಹಾಳೆ ಎನ್ನುತ್ತಾರೆ. ಅವರ ಸೊಸಾಯಿಟಿಯಲ್ಲಿ ಒಬ್ಬರು ಅದನ್ನು ತೋಟದಲ್ಲಿ ಮಾಡಿದ್ದರು, ಇನ್ನೊಬ್ಬರು ಕೆರೆಯ ದೋಣಿಯಲ್ಲಿ. ಮಲಕಪ್ಪನ ಹೆಂಡತಿ ಭುವನೇಶ್ವರಿ ಎರಡಕ್ಕೂ ಹೋಗಿ ಉಂಡು ಬಂದಿದ್ದಳು.

“ನಮ್ಮದು ಸಮುದ್ರದ ದಂಡಿ ಮ್ಯಾಲ,” ಎಂದಳು.

“ವೈನಿ, ಬಸುರೀನ ಘಾಟಿನ್ಯಾಗ ಕುಲುಕಿಸ್ಕೋತ ಒಯ್ತೀರೇನು?” ಎಂದು ಕಲ್ಲವ್ವ ಅತ್ತಿಗೆಯನ್ನು ಕೇಳಿದಳು.

“ಅದಕ್ಕs ಏಳನೇ ತಿಂಗಳಕ್ಕ ಬ್ಯಾಡ, ಐದರಾಗs ಮುಗಸೂಣು. ನೀ ಹುಗ್ಗಿ ಹೆಂಗ ಒಯ್ಯೂದು, ಅದನ್ನ ನೋಡು.”

ಹಿಂದಿನ ದಿನ ಬಳೆಗಾರ ಮನೆಗೆ ಬಂದ. ಸಾಬೂನು ಹಚ್ಚಿ, ತ್ರಿವೇಣಿಯ ಹೆಬ್ಬೆರಳು ಮಡಚಿ ಒತ್ತಿ, ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿದ. “ಬಿಗಿ ಆದ್ವು,” ಎಂದಳು ತ್ರಿವೇಣಿ. ಬಸಿರಿಗೆ ಅವಳ ಕೈ ಆಗಲೇ ಸ್ವಲ್ಪ ತುಂಬಿಕೊಂಡಿದ್ದವು. “ಕಚ್ಚಿ ಕುಂದರಬೇಕವ್ವಾ, ಸಡ್ಲ ಬಳಿ ಲಕ್ಷಣಲ್ಲ,” ಎಂದಳು ಭುವನೇಶ್ವರಿ. ಹೆರಿಗೆಯವರೆಗೆ ಆ ಬಳೆ ಕೈಯಿಂದ ಇಳಿಯಬಾರದು. ಒಡೆದರಂತೂ ಮುಗಿಯಿತು, ಗಂಡನಿಗೋ ಕೂಸಿಗೋ ಕೇಡು.

ತಾಮ್ಹಿಣಿ ಘಾಟು ಇಳಿದು ಶ್ರೀವರ್ಧನದ ಕಡೆಯ ಒಂದು ದಂಡೆಗೆ ಟೆಂಪೊ ತಲುಪಿದಾಗ ಬಿಸಿಲೇರಿತ್ತು. ಮರಳಿನ ಮೇಲೆ ಅಲ್ಲಲ್ಲಿ ಲೋಳೆಮೀನು ಬಿದ್ದಿದ್ದವು, ಬೆಳ್ಳಗೆ, ತಟ್ಟೆಯಗಲ. ಮಲಕಪ್ಪನ ಮಗ, ತ್ರಿವೇಣಿಯ ಗಂಡ ರೋಹಿತ ಹಿಂದೆ ಸರಿದ. “ಅಪ್ಪಾ, ಇವು ಕಚ್ಚತಾವಂತ.”

“ಎಲಬಿಲ್ಲ, ಹಲ್ಲಿಲ್ಲ, ಏನ್ ಕಚ್ಚತದಲೇ ಇದು? ಸಾಬೂದಾಣಿ ಗಂಜಿ ಇದ್ದಂಗ ಅದ.” ಮಲಕಪ್ಪ ಒಂದನ್ನು ಅಂಗೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ಏನೂ ಆಗಲಿಲ್ಲ. ಚಹದಂಗಡಿಯ ಹೆಂಗಸು ಅಲ್ಲಿಂದಲೇ ಕೂಗಿದಳು: “ಸಗಳೇಚ ಚಾವತ ನಾಹೀತ, ಪಣ ಹಾತ ಲಾವೂ ನಕಾ!” ಎಲ್ಲವೂ ಕಚ್ಚುವುದಿಲ್ಲ, ಆದರೂ ಮುಟ್ಟಬೇಡಿ. ಮಲಕಪ್ಪ ಮೊದಲಿನ ಅರ್ಧ ಮಾತ್ರ ಕೇಳಿಸಿಕೊಂಡ. “ಕೇಳಿದ್ರಿಲ್ಲ? ಕಚ್ಚೂದಿಲ್ಲಂತ.”

ಆರತಿ, ಫೋಟೊ, ಊಟ ಎಲ್ಲ ಆಯಿತು. ಗೋದಿ ಹುಗ್ಗಿ ಎರಡೆರಡು ಸಲ ಬಡಿಸಿಕೊಂಡು ಗಂಡಸರು ಗಾಳಿಮರದ ನೆರಳಿನಲ್ಲಿ ಅಡ್ಡಾದರು. ಭುವನೇಶ್ವರಿಯೂ ಚಾಪೆಯ ತುದಿಗೆ ತಲೆ ಇಟ್ಟಳು. ಕಲ್ಲವ್ವ ಪಾತ್ರೆಗಳನ್ನು ನೀರಿನಂಚಿಗೆ ಹೊತ್ತಳು. ಉಸುಕು ಇದೆ, ನೀರಿದೆ, ಇಲ್ಲೇ ತಿಕ್ಕಿಬಿಟ್ಟರೆ ಹೊತ್ತು ಮುಳುಗುವುದರೊಳಗೆ ಘಾಟು ಹತ್ತಬಹುದು.

ಒಬ್ಬಳೇ ತಿಕ್ಕುವುದನ್ನು ನೋಡಲಾಗದೆ ತ್ರಿವೇಣಿ ಹಿಂದೆ ಬಂದಳು.

“ನಿನ್ನ ಡೋಹಾಳಿ ಇವತ್ತ. ಹೋಗಿ ಕುಂದ್ರು.”

“ಕುಂತು ಕುಂತು ಗೊಂಬಿ ಆಗೇನಿ, ಕಲ್ಲತ್ತಿ. ಒಂದ ಪಾತ್ರಿ ಕೊಡ್ರಿ.”

ಹುಗ್ಗಿಯ ಪಾತ್ರೆ ದೊಡ್ಡದು. ತ್ರಿವೇಣಿ ಅದನ್ನು ಬರುವ ತೆರೆಗೆ ಒಡ್ಡಿ ನೀರು ತುಂಬಿದಳು, ಕುಲುಕಿದಳು, ಚೆಲ್ಲಿದಳು. ತಳದಲ್ಲಿ ತೆಳ್ಳನೆಯ ಲೋಳೆ ಉಳಿದಿತ್ತು. ಹುಗ್ಗಿಯ ಗಂಜಿ ಹಿಡಿದಿದೆ ಎಂದುಕೊಂಡು, ಮನೆಯಲ್ಲಿ ಪಾತ್ರೆ ತಿಕ್ಕುವ ಮೋರಿಯಲ್ಲಿ ಮಾಡುವ ಹಾಗೆಯೇ ಬರಿಗೈಯಿಂದ ಬಳಿದಳು.

ಅವಳು ಕಿರುಚಿದ್ದು ಒಂದೇ ಸಲ. ಪಾತ್ರೆ ಉರುಳಿತು. ಬಲಗೈಗೆ ಬಾಡಿದ ಬಲೂನಿನಂಥ ಇನ್ನೊಂದು ಬಗೆಯ ಲೋಳೆಮೀನು ಅಂಟಿತ್ತು. ಅದರಿಂದ ಹೊರಟ ನೀಲಿ ಎಳೆಗಳು ಮಣಿಕಟ್ಟು ಸುತ್ತಿ ಬಳೆಗಳ ಕೆಳಗೆ ಹೊಕ್ಕಿದ್ದವು. ಕಲ್ಲವ್ವ ಸೌಟಿನಿಂದ ಅದನ್ನು ಕಿತ್ತೆಸೆದಳು. ಮೇಲಿನ ಎಳೆಗಳು ಬಂದವು. ಬಳೆಯ ಕೆಳಗಿನವು ಬರಲಿಲ್ಲ.

ಎಲ್ಲರೂ ಓಡಿ ಬಂದರು. ಭುವನೇಶ್ವರಿ ಕುಡಿಯುವ ನೀರಿನ ಕ್ಯಾನು ತಂದು ಸುರಿದಳು. ಉರಿ ಇನ್ನೂ ಏರಿ ತ್ರಿವೇಣಿ ಮರಳಿನ ಮೇಲೆ ಕುಸಿದಳು. “ಉಸುಕು ಹಾಕಿ ತಿಕ್ಕ್ರಿ,” ಎಂದ ಮಲಕಪ್ಪ. ತಿಕ್ಕಿದಲ್ಲಿ ಚಾಟಿ ಏಟಿನಂತೆ ಕೆಂಪು ಬಾಸುಂಡೆ ಎದ್ದವು. ಕೈ ಕಣ್ಣೆದುರೇ ಊದತೊಡಗಿತು. ಒಂದು ಬಳೆಗೂ ಇನ್ನೊಂದಕ್ಕೂ ನಡುವೆ ಮಾಂಸ ಉಬ್ಬಿ ಬಂತು.

“ಬಳಿ ತಗೀಬೇಕು,” ಎಂದಳು ಕಲ್ಲವ್ವ.

ಕೊಬ್ಬರಿ ಎಣ್ಣೆ ಹಚ್ಚಿದರು. ಎಳೆದರು. ಬಳೆ ಹೆಬ್ಬೆರಳಿನ ಬುಡಕ್ಕೆ ಬಂದು ನಿಂತವು, ಕೆಳಗಿನ ಎಳೆಗಳು ಹೊಸ ಚರ್ಮದ ಮೇಲೆ ಉರುಳಿದವು. ತ್ರಿವೇಣಿ ಕೈ ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಬೆರಳ ತುದಿಗಳು ಕಪ್ಪಗಾಗುತ್ತಿದ್ದವು.

“ಒಡೀಬೇಕು, ವೈನಿ.”

“ಬಾಯಿ ಮುಚ್ಚು! ಐದು ತಿಂಗಳ ಬಸುರಿ ಹಸರ ಬಳಿ ಒಡೀತಾರೇನು? ದವಾಖಾನಿಗೆ ಒಯ್ಯೂಣು. ಅಲ್ಲಿ ಏನರ ಮಾಡ್ಲಿ.”

“ಡ್ರೈವರ ಎಲ್ಲಿ?” ಎಂದಳು ಕಲ್ಲವ್ವ.

ಡ್ರೈವರ ಊರೊಳಗೆ ಊಟಕ್ಕೆ ಹೋಗಿದ್ದ. ಅವನನ್ನು ಹುಡುಕಿ ತರಲು ಮಲಕಪ್ಪ ಓಡಿದ. ಕಲ್ಲವ್ವ ರೋಹಿತನ ಕಡೆ ನೋಡಿದಳು. ಪಿಂಪ್ರಿಯ ಕಾರಖಾನೆಯಲ್ಲಿ ಸೂಪರವೈಜರ ಅವನು. ಯಂತ್ರಕ್ಕೆ ಕೈ ಸಿಕ್ಕವರನ್ನು ನೋಡಿದ್ದ. “ರೋಹಿತ, ಬೆರಳ ನೋಡಪಾ.” ಅವನು ಬೆರಳು ನೋಡಿದ, ತಾಯಿಯ ಮುಖ ನೋಡಿದ. “ಟೆಂಪೊ ಬರ್ಲಿ, ಅತ್ತಿ,” ಎಂದ.

ಕಲ್ಲವ್ವ ತ್ರಿವೇಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಈವರೆಗೆ ಯಾರೂ ತ್ರಿವೇಣಿಯನ್ನೇ ಕೇಳಿರಲಿಲ್ಲ.

“ಒಡೀಲೇನು?”

ತ್ರಿವೇಣಿ ಎಡಗೈಯಿಂದ ಹೊಟ್ಟೆ ಹಿಡಿದುಕೊಂಡಳು. “ಕೂಸಿಗೆ ಏನರ ಆಗ್ತದೇನ್ರಿ?”

“ನನಗ ಗೊತ್ತಿಲ್ಲವ್ವಾ. ಕೈ ಅಂತೂ ಹೋಗ್ತದ ಅನಸ್ತದ.”

“ಒಡೀರಿ.”

“ಕಲ್ಲವ್ವಾ!” ಭುವನೇಶ್ವರಿ ಅವಳ ಭುಜ ಹಿಡಿದಳು. “ಗಂಡ ಬಿಟ್ಟಾಕಿ ನೀ. ಆ ಕೈಲೆ ನನ್ನ ಸೊಸಿ ಬಳಿ ಮುಟ್ಟಿದಿ ಅಂದ್ರ ನೋಡು!”

ಇಷ್ಟು ವರ್ಷದಲ್ಲಿ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಕಲ್ಲವ್ವ ಭುಜ ಕೊಡವಿಕೊಂಡಳು. ಸೆರಗು ಮಡಚಿ ಬಳೆಯ ಮೇಲೆ ಹೊದಿಸಿ, ಎರಡು ಸೌಟಿನ ಹಿಡಿಕೆಗಳ ನಡುವೆ ಒಂದನ್ನು ಸಿಕ್ಕಿಸಿ ಒತ್ತಿದಳು. ಪಟ್ ಎಂದಿತು. ಭುವನೇಶ್ವರಿ ಕಿವಿ ಮುಚ್ಚಿಕೊಂಡಳು. ಇನ್ನೊಂದು. ಮತ್ತೊಂದು. ಗಾಜಿನ ಚೂರು ಸೆರಗು ಹರಿದು ಅವಳ ಅಂಗೈಗೇ ನಟ್ಟವು. ನಡುವೆ ಒಮ್ಮೆ ಹಿಡಿಕೆ ಜಾರಿ ತ್ರಿವೇಣಿಯ ಮಣಿಕಟ್ಟಿಗೂ ಗೀರಿತು. ಕೊನೆಯದು ಮುರಿದ ಮೇಲೆ ನೀಲಿ ಎಳೆಗಳನ್ನು ಸೌಟಿನ ಅಂಚಿನಿಂದ ಒಂದೊಂದಾಗಿ ಎತ್ತಿ ತೆಗೆದಳು. ಬೆರಳುಗಳಿಗೆ ನಿಧಾನವಾಗಿ ಕೆಂಪು ಮರಳಿತು.

ಶ್ರೀವರ್ಧನದ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಗಾಯ ತೊಳೆದರು, ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಕೂಸಿನ ಬಡಿತ ಸರಿಯಿದೆ ಎಂದರು. ಬಳೆಯ ಬಗ್ಗೆ ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಘಾಟು ಹತ್ತುವಾಗ ಭುವನೇಶ್ವರಿ ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದಳು: “ಇನ್ನ ಏನಾದ್ರೂ ಆತಂದ್ರ ನಿನ್ನ ತಲಿ ಮ್ಯಾಲ.”

“ಆಗ್ಲಿ,” ಎಂದಳು ಕಲ್ಲವ್ವ.

ಅಂದಿನಿಂದ ಆ ಮನೆಯಲ್ಲಿ ಕಾಯುವುದೇ ಕೆಲಸವಾಯಿತು. ತ್ರಿವೇಣಿಗೆ ಕಾಲು ಬಾತರೆ, ವಾಂತಿಯಾದರೆ, ಕೂಸು ಒಂದು ಮಧ್ಯಾಹ್ನ ಹೊರಳಾಡದಿದ್ದರೆ, ಭುವನೇಶ್ವರಿ ಅಡುಗೆಮನೆಯ ಕಡೆ ನೋಡುತ್ತಿದ್ದಳು. ರೋಹಿತ ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿಕೊಂಡ ದಿನ ಊಟದ ಹೊತ್ತಿಗೆ ಕಲ್ಲವ್ವನ ತಾಟು ಯಾರೂ ಹಚ್ಚಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಅಂಗಡಿಯ ಪಾಕೀಟು ಕಡಿಮೆಯಾಗಲಿಲ್ಲ. ಆದರೆ ತ್ರಿವೇಣಿ ಹೆರಿಗೆ ನೋವು ತಿನ್ನಲು ಶುರು ಮಾಡಿದ ದಿನ ಕಲ್ಲವ್ವನಿಗೆ ರೊಟ್ಟಿ ದುಂಡಗೆ ಬರಲಿಲ್ಲ. ಎಲ್ಲವೂ ಅಂಚಿನಲ್ಲಿ ಸೀಳಿದವು.

ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು. “ದೇವರು ಕಣ್ಣು ತೆರೆದ,” ಎಂದಳು ಭುವನೇಶ್ವರಿ.

ಹೆಸರಿಡುವ ದಿನ ಸೊಸಾಯಿಟಿಯ ಹೆಂಗಸರೆಲ್ಲ ಬಂದು ತೊಟ್ಟಿಲ ಸುತ್ತ ಕೂತರು. ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಡಬೇಕು, ಕೆಳಗಿನಿಂದ ಇನ್ನೊಬ್ಬರು ತಗೋಬೇಕು. ಕಲ್ಲವ್ವ ಒಳಗೆ ಕರಿಗಡುಬು ಕರಿಯುತ್ತಿದ್ದಳು. ಎಣ್ಣೆ ಕಾಯ್ದಿತ್ತು.

ತ್ರಿವೇಣಿ ಕೂಸನ್ನು ಎತ್ತಿಕೊಂಡು ನಿಂತಳು. ಬಲಗೈ ಮಣಿಕಟ್ಟಿನ ಸುತ್ತ ಕಂದು ಗೆರೆಗಳು ಹಾಗೆಯೇ ಇದ್ದವು. ಭುವನೇಶ್ವರಿ ತೊಟ್ಟಿಲ ಕೆಳಗಿನಿಂದ ಕೈ ಚಾಚಿದಳು. ತ್ರಿವೇಣಿ ಕೊಡಲಿಲ್ಲ.

“ಕಲ್ಲತ್ತಿ ಬರ್ಲಿ,” ಎಂದಳು.

“ಆಕಿ ಕೆಲಸದಾಗ ಇದ್ದಾಳವ್ವಾ. ತಡ ಆಗ್ತದ, ಕೊಡು.”

“ಆಗ್ಲಿ. ನಾ ನಿಂತಿರ್ತೀನಿ.”

ಹೆಂಗಸರು ಹಾಡು ನಿಲ್ಲಿಸಿದರು. ಯಾರೋ ಮರಾಠಿಯಲ್ಲಿ ಏನಾಯಿತೆಂದು ಪಿಸುಗುಟ್ಟಿದರು. ಭುವನೇಶ್ವರಿಯ ಚಾಚಿದ ಕೈ ಚಾಚಿದಂತೆಯೇ ಇತ್ತು. ತ್ರಿವೇಣಿ ಕದಲಲಿಲ್ಲ.

ಒಳಗೆ ಗ್ಯಾಸು ಬಂದಾದ ಸಪ್ಪಳ ಕೇಳಿಸಿತು. ಕಲ್ಲವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಅತ್ತಿಗೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ತೊಟ್ಟಿಲ ಕೆಳಗೆ ಎರಡೂ ಕೈ ಒಡ್ಡಿದಳು.

ಬಾಣಲೆಯಲ್ಲಿ ಅರ್ಧ ಬೆಂದು ಉಳಿದ ಕರಿಗಡುಬುಗಳನ್ನು ಆ ದಿನ ಭುವನೇಶ್ವರಿಯೇ ಹೋಗಿ ಕರಿದಳು.