ಮೋಡದ ಬೆಳಗಿನಲ್ಲಿ ಕೇಳಿಸಿದ ಉಲ್ಕೆಗಳು

ನಮ್ಮ ಯಜಮಾನರು ರೇಡಿಯೋ ರಿಪೇರಿಯವರು. ಹನ್ನೊಂದು ವರ್ಷದ ಹಿಂದೆ ಎರಡೂ ಕಣ್ಣು ಹೋದ್ವು, ಆದ್ರೂ ಅಂಗಡಿ ಬಾಗಿಲು ಹಾಕಲಿಲ್ಲ. ಬೆರಳಲ್ಲಿ ತಂತಿ ತಡವಿ, ಕಿವಿಯಲ್ಲಿ ದೋಷ ಹಿಡಿದುಬಿಡ್ತಾರೆ. ವೈರಿನ ಬಣ್ಣ ಹೇಳೋದು, ರಿಪೇರಿಯ ತಾರೀಕು ಹಾಕಿ ಚೀಟಿ ಬರೆದು ಕಂಬಿಗೆ ಚುಚ್ಚೋದು, ಬಾಯಿ ಮಾಡೋರ ಹತ್ರ ಬಾಯಿ ಮಾಡೋದು ನನ್ನ ಕೆಲಸ. ಮೂರನೇದನ್ನ ನಾನು ಸ್ವಲ್ಪ ಜಾಸ್ತಿನೇ ಚೆನ್ನಾಗಿ ಮಾಡ್ತೀನಿ.

ಆವತ್ತು ಪೋಸ್ಟ್‌ಮ್ಯಾನ್ ತಾತ ಬಂದಾಗ ಮಾತ್ರ ನಾನು ಹಾಲು ತರೋಕೆ ಹೋಗಿದ್ದೆ. ರಿಟೈರಾದ ಈ ತಾತನಿಗೆ ಒಂದು ಅಭ್ಯಾಸ. ಎಫ್‌ಎಂ ಸ್ಟೇಷನ್ ಶುರುವಾಗೋದು ಏಳಕ್ಕೆ, ಇವರು ಐದಕ್ಕೇ ರೇಡಿಯೋ ಹಚ್ಚಿ, ಬರೀ ಸುಯ್ ಅನ್ನೋ ಸದ್ದಿನ ಮುಂದೆ ಕಾಯ್ತಾ ಕೂರ್ತಾರೆ. ಆ ಸದ್ದಿನ ಮಧ್ಯೆ ಯಾರೋ ಕೂಗಿ ಮಾಯವಾಗ್ತಾರೆ ಅಂತ ದೂರು. ಹೋದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ಎರಡು ಸಲವೂ ನಮ್ಮವರು ಯಾವುದೋ ಪಾರ್ಟು ಬದಲಾಯಿಸಿದ್ರು, ವಾರದಲ್ಲಿ ಆ ಕೂಗು ನಿಂತಿತ್ತು. ಈ ಸಲ ತಾತ ಸೆಟ್ಟನ್ನ ಟೇಬಲ್ ಮೇಲೆ ಕುಕ್ಕಿ, ಬೀದಿಗೆಲ್ಲ ಕೇಳೋ ಹಾಗೆ, "ಕಣ್ಣಿನ ಜೊತೆ ಕೈಯೂ ಹೋಯ್ತು ಬಿಡಪ್ಪ ನಿಂದು" ಅಂದ್ರಂತೆ.

ನಾನು ಬರೋ ಹೊತ್ತಿಗೆ ಯಜಮಾನರು ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ನಿನ ಪ್ಲಗ್ ಕಿತ್ತು, ವೈರು ಸುತ್ತಿಟ್ಟಿದ್ರು. "ಈ ದೋಷ ಸಿಗದಿದ್ರೆ ಅಂಗಡಿ ಮುಚ್ತೀನಿ ಕಣೇ." ಸುಮ್ಮನೆ ಮಾತಾಡೋ ಮನುಷ್ಯ ಅಲ್ಲ ಅವರು.

ಸಂಜೆ ಹಳೇ ಚೀಟಿ ಓದಿಸಿದ್ರು. ಒಂದು ಆಗಸ್ಟ್ ಹನ್ನೆರಡು, ಇನ್ನೊಂದು ಆಗಸ್ಟ್ ಹದಿಮೂರು. ಇವತ್ತು ಹನ್ನೊಂದು. "ರೀ, ಇದೇನು ಕ್ಯಾಲೆಂಡರ್ ನೋಡಿಕೊಂಡು ಕೆಡೋ ರೇಡಿಯೋನಾ?" ಅಂದೆ. ಅವರು ನಗಲಿಲ್ಲ. "ಪ್ರತಿ ವರ್ಷ ಈ ವಾರ ಬರೋದು ಏನಿದೆ?" ಅಂದ್ರು. ಎದುರುಮನೆ ಸೈನ್ಸ್ ಟೀಚರಮ್ಮ ನಾಳೆ ಮಕ್ಕಳಿಗೆ ಟೆರೇಸಿನಿಂದ ಉಲ್ಕಾಪಾತ ತೋರಿಸ್ತಾರಂತೆ ಅಂತ ನಾನು ಅಂದಿದ್ದೇ ತಡ, ತೊಡೆ ತಟ್ಟಿ ಎದ್ದುಬಿಟ್ರು. ಎಂದೋ ರೇಡಿಯೋ ಕೋರ್ಸಿನಲ್ಲಿ ಓದಿ ಮರೆತ ಪಾಠ ನೆನಪಾಗಿತ್ತು.

ನನಗೆ ಅರ್ಥ ಆಗಿದ್ದು ಇಷ್ಟು. ಒಂದು ಧೂಮಕೇತು ತನ್ನ ದಾರಿಯುದ್ದಕ್ಕೂ ಧೂಳು ಚೆಲ್ಲಿಕೊಂಡು ಹೋಗಿದೆ, ತೂತುಬಿದ್ದ ಮರಳಿನ ಲಾರಿ ಥರ. ನಮ್ಮ ಭೂಮಿ ಪ್ರತಿ ಆಗಸ್ಟಿನಲ್ಲಿ ಆ ದಾರಿ ದಾಟುತ್ತೆ. ಧೂಳಿನ ಕಣ ಗಾಳಿಗೆ ನುಗ್ಗಿ ಉರಿದಾಗ ಕ್ಷಣಹೊತ್ತು ಒಂದು ಗೆರೆ ಉಳಿಯುತ್ತೆ. ಸಾವಿರ ಕಿಲೋಮೀಟರ್ ಆಚೆ ಅದೇ ನಂಬರಿನಲ್ಲಿ ಬರೋ ಇನ್ನೊಂದು ಸ್ಟೇಷನ್ನಿನ ಅಲೆ ಆ ಗೆರೆಗೆ ಬಡಿದು ನಮ್ಮ ಕಡೆ ಪುಟಿಯುತ್ತೆ. ಗೆರೆ ಅಳಿಸಿತೋ, ಮಾತೂ ನಿಲ್ಲುತ್ತೆ. "ಸೆಟ್ ಸರಿಯಾಗೇ ಇತ್ತು! ಎರಡು ವರ್ಷ ಗಟ್ಟಿ ಪಾರ್ಟುಗಳನ್ನ ಕಿತ್ತೆಸೆದೆನಲ್ಲೇ!"

ತಾತ ಕೇಳಿ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇವನು ಆಕಾಶನೇ ಡೊಂಕು ಅಂತಾನೆ!"

ಮರುದಿನ ರಾತ್ರಿಯೆಲ್ಲ ಮೋಡ. ಮಕ್ಕಳು ಒಂದೂ ಉಲ್ಕೆ ಕಾಣದೆ ಸಪ್ಪೆ ಮುಖ ಹಾಕಿಕೊಂಡು ಟೆರೇಸ್ ಇಳಿದ್ರು. ಬೆಳಿಗ್ಗೆ ಆರಕ್ಕೆ ಯಜಮಾನರು ಎಲ್ಲರನ್ನೂ ಅಂಗಡಿಗೆ ಕರೆಸಿದ್ರು. ಟೇಬಲ್ಲಿನ ಈ ತುದಿಗೆ ತಾತನ ಸೆಟ್, ಆ ತುದಿಗೆ ಟೀಚರಮ್ಮ ಹೊಸದಾಗಿ ಕೊಂಡ ರೇಡಿಯೋ. "ಅದನ್ನ ನಾನು ಮುಟ್ಟಿಲ್ಲ. ತಾತ, ಎರಡನ್ನೂ ನಿಮ್ಮ ಸ್ಟೇಷನ್ನಿಗೆ ನೀವೇ ತಿರುಗಿಸಿ."

ಸುಯ್ ಅನ್ನೋದು ಬಿಟ್ಟು ಬೇರೆ ಸದ್ದಿಲ್ಲ. ಐದು ನಿಮಿಷ ಆಯ್ತು. ತಾತ ಗಡಿಯಾರ ನೋಡಿ ಕೆಮ್ಮಿದ್ರು. ನಾನು ಸೆರಗು ಹಿಂಡ್ತಾ ನಿಂತಿದ್ದೆ.

ಥಟ್ಟನೆ ಒಬ್ಬ ಹೆಂಗಸಿನ ಹಾಡು, ಅರ್ಧ ಸಾಲು. ಎರಡು ರೇಡಿಯೋದಲ್ಲೂ ಒಟ್ಟಿಗೇ ಬಂತು, ಒಟ್ಟಿಗೇ ಹೋಯ್ತು.

"ಒಂದು!" ಅಂದ್ರು ಯಜಮಾನರು.

ಆಮೇಲೆ ಮಕ್ಕಳದ್ದೇ ರಾಜ್ಯ. ಎರಡು, ಮೂರು, ನಾಲ್ಕು ಅಂತ ಕೂಗಿ ಕುಣಿದಿದ್ದೇ ಕುಣಿದಿದ್ದು. ಏಳರೊಳಗೆ ಮೂವತ್ತನಾಲ್ಕು ಉಲ್ಕೆ! ನಾನು ಬಿಡ್ತೀನಾ? "ತಾತ, ಆ ಹೊಸ ಸೆಟ್ಟನ್ನೂ ನಮ್ಮವರೇ ಕೆಡಿಸಿರಬೇಕು, ಅಲ್ವಾ?" ಅಂದೆ.

ತಾತ ಎದ್ದು ಟೇಬಲ್ ಸುತ್ತಿ ಬಂದ್ರು. ಯಜಮಾನರ ಎರಡೂ ಕೈ ಹಿಡಿದು, ಮೊನ್ನೆ ಬೈದಷ್ಟೇ ಜೋರಾಗಿ, ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ರು: "ಕಣ್ಣಿದ್ದ ನಾವೆಲ್ಲ ಬರೀ ಮೋಡ ನೋಡಿದ್ವಿ. ಉಲ್ಕೆ ಹಿಡಿದವನು ನೀನೊಬ್ಬನೇ ಕಣಪ್ಪ. ನನ್ನ ಸೆಟ್ ಇನ್ಮೇಲೆ ಯಾವತ್ತೇ ಕೆಟ್ರೂ ನಿನ್ನ ಕೈಗೇ."

ಯಜಮಾನರ ಮುಖ ಅರಳಿತು. "ಲೇ, ಆ ಐರನ್ನಿನ ಪ್ಲಗ್ ಹಾಕೇ" ಅಂದ್ರು.

ಮೊದಲನೇ ಹಾಡಿಗೇ ನಾನದನ್ನ ಹಾಕಿಯಾಗಿತ್ತು.