ಹುಳುಮನೆಗೆ ಬಂದ ಔಷಧಿ

ನಮ್ಮತ್ತೆಯ ರೇಷ್ಮೆ ಹುಳುಗಳನ್ನು ಕೊಂದದ್ದು ಡಿಡಿಟಿ. ಆದರೆ ಕಾಗದ ಓದಿ ಹೇಳಿ ಬಾಗಿಲು ತೆಗೆಸಿದವಳು ನಾನು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಐವತ್ತರ ದಶಕದಲ್ಲಿ ಕೆಂಗೇರಿ ಹೊರಗಿನ ನಮ್ಮೂರಿನಲ್ಲಿ ವಾಸದ ಮನೆಯೇ ಹುಳುಮನೆ. ನಡುಮನೆಯಲ್ಲಿ ಬಿದಿರು ತಟ್ಟೆಗಳ ಅಟ್ಟಣೆ, ಅದರ ಪಕ್ಕದಲ್ಲೇ ನಮ್ಮ ಚಾಪೆ. ಹುಳು ಇರುವಷ್ಟು ದಿನ ಒಗ್ಗರಣೆಯ ಘಾಟೂ ಒಳಗೆ ಸುಳಿಯಬಾರದೆಂದು ಅವ್ವ ಹಿತ್ತಲಲ್ಲಿ ಒಲೆ ಹೂಡುತ್ತಿದ್ದಳು. ಗಂಡ ಸತ್ತ ಮೇಲೆ ಪಕ್ಕದ ಮನೆಯಲ್ಲಿದ್ದ ನಮ್ಮ ಸೋದರತ್ತೆಗಂತೂ ಹುಳುಗಳೇ ಬದುಕು.

ಒಂದು ದಿನ ಚಳಿಜ್ವರದ ಸೊಳ್ಳೆ ಸಾಯಲೆಂದು ಮನೆಮನೆಯ ಗೋಡೆಗೆ ಡಿಡಿಟಿ ಔಷಧಿ ಹೊಡೆಯುವವರು ಬಂದರು. ಚಳಿಜ್ವರ ಸುಳ್ಳಲ್ಲ, ನನ್ನ ತಮ್ಮ ಎರಡು ಕಂಬಳಿ ಹೊದ್ದರೂ ಗಡಗಡ ನಡುಗುತ್ತಿದ್ದ. ಅತ್ತೆ ತನ್ನ ಮನೆ ಬಾಗಿಲಲ್ಲಿ ಅನುಮಾನಿಸುತ್ತಾ ನಿಂತಾಗ ಅವರ ಇನ್‌ಸ್ಪೆಕ್ಟರು ಅಚ್ಚಾದ ಕಾಗದವೊಂದನ್ನು ನನ್ನ ಕೈಗಿತ್ತರು. ಊರಿನಲ್ಲಿ ಮಿಡ್ಲ್‌ಸ್ಕೂಲು ಕಂಡ ಹುಡುಗಿ ನಾನೊಬ್ಬಳೇ. ಗತ್ತಿನಿಂದ ಓದಿದೆ. ಆಹಾರ, ಪಾತ್ರೆ, ಸಾಕುಪ್ರಾಣಿಗಳನ್ನು ಹೊರಗಿಡಿ. ಗೋಡೆ ಒಣಗಿದ ಮೇಲೆ ಒಳಗೆ ತನ್ನಿ. ರೇಷ್ಮೆ ಹುಳುವಿನ ಮಾತೇ ಇರಲಿಲ್ಲ.

“ಹುಳಾನೂ ನಾವು ಸಾಕಿದ್ದೇ ಅಲ್ವೇನತ್ತೆ? ಹೊರಗಿಟ್ಟು ಆಮೇಲೆ ತಂದ್ರಾಯ್ತು” ಎಂದೆ.

ಇಬ್ಬರೂ ತಟ್ಟೆಗಳನ್ನು ಹುಣಸೆಮರದ ನೆರಳಿಗೆ ಹೊತ್ತೆವು. ಗೋಡೆ ಒಣಗಿದ ಮೇಲೆ ಜೋಪಾನವಾಗಿ ಒಳಗೆ ತಂದಿಟ್ಟೆವು.

ಮಾರನೆಯ ಬೆಳಿಗ್ಗೆ ಹುಳುಗಳು ಹಸಿರು ಕಾರಿಕೊಂಡು ಬಿದ್ದಿದ್ದವು. ಇನ್ನು ನಾಲ್ಕೇ ದಿನಕ್ಕೆ ಗೂಡು ಕಟ್ಟಬೇಕಿದ್ದವು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಔಷಧಿಯವರು ನಮ್ಮ ಮನೆಗೇ ಬಂದರು. ನಮ್ಮ ಹುಳುಗಳೂ ಅದೇ ವಯಸ್ಸಿನವು. ನಾನು ಹೊಸಿಲ ಮೇಲೆ ಕಾಲೂರಿ ನಿಂತೆ; ಹಿಂದೆ ಅವ್ವ, ಕಂಬಳಿ ಹೊದ್ದ ತಮ್ಮ, ಅಂಗಳದಲ್ಲಿ ಅತ್ತೆ.

“ಸರಿಯಮ್ಮ ಪಕ್ಕಕ್ಕೆ” ಎಂದರು ಇನ್‌ಸ್ಪೆಕ್ಟರು.

“ಬಿಡಲ್ಲ.”

“ಇದು ನನ್ನ ರೂಲ್ಸಲ್ಲ ಕಣಮ್ಮ. ಹೊರದೇಶದಲ್ಲಿ ದೊಡ್ಡ ಸಂಸ್ಥೆ ಇದೆ. ಔಷಧಿ, ಜೀಪು ಎಲ್ಲಾ ಅವರದೇ. ಒಂದು ಮನೇನೂ ಬಿಡಬಾರ್ದು ಅಂದಿದಾರೆ, ದಿಲ್ಲಿಯೋರು ಹೂಂ ಅಂದಿದಾರೆ. ಬೇಡ ಅನ್ನೋಕೆ ನೀನ್ಯಾರು?”

ಮೈ ಉರಿದುಹೋಯಿತು.

“ಸ್ವಾತಂತ್ರ್ಯ ಬಂತು ಅಂತ ಮಿಠಾಯಿ ಕೊಟ್ರಲ್ಲ ಸಾರ್, ಅದು ಯಾರಿಗೆ ಬಂದಿದ್ದು? ಆ ಸಂಸ್ಥೆಯೋರು ಒಂದು ಹುಳಾನಾದ್ರೂ ಸಾಕಿದಾರಾ? ಹೂಂ ಅನ್ನೋಕೆ ಮುಂಚೆ ದಿಲ್ಲಿಯೋರು ನಮ್ಮನ್ನ ಕೇಳಿದ್ರಾ? ನೀವು ಈ ಸೀಮೆಯೋರೇ, ನಿಮಗೂ ಬಾಯಿಲ್ವಾ? ಔಷಧಿ ಬೇಡ ಅಂತಿಲ್ಲ. ಹುಳ ಗೂಡು ಕಟ್ಟಲಿ, ಆಮೇಲೆ ಬನ್ನಿ. ಹೊಡೆದ ಗೋಡೆ ಹತ್ರ ಎಷ್ಟು ತಿಂಗಳು ಹುಳ ಇಡಬಾರ್ದು ಅಂತ್ಲೂ ಬರಕೊಂಡು ಬನ್ನಿ!”

ಪಾಪ, ಅವರೇನೂ ಕೆಟ್ಟವರಲ್ಲ. ನಿಟ್ಟುಸಿರಿಟ್ಟು ಫಾರಂ ತೆಗೆದರು. ಅದರಲ್ಲಿ ಎರಡೇ ಕಾಲಂ: ‘ಔಷಧಿ ಹೊಡೆದಿದೆ’, ‘ಮನೆಯಲ್ಲಿ ಯಾರೂ ಇಲ್ಲ’. ಎರಡನೆಯದಕ್ಕೆ ಗುರುತು ಹಾಕಿದರು.

“ಅಯ್ಯೋ, ಯಾರೂ ಇಲ್ವಾ? ನಾನು, ಅವ್ವ, ತಮ್ಮ, ಅತ್ತೆ, ನಾಲ್ಕು ಜನ ಗುಂಡುಕಲ್ಲಿನ ಹಾಗೆ ನಿಂತಿದೀವಲ್ಲ!”

“ಬೇಡ ಅಂದ್ರು ಅಂತ ಬರೆಯೋಕೆ ಕಾಲಂ ಇಲ್ಲ. ಆ ಸಂಸ್ಥೆಯೋರು ಕೊಟ್ಟಿಲ್ಲ.”

ಅವರ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ. ಆ ಗುರುತನ್ನು ಹೊಡೆದುಹಾಕಿ ಅಂಚಿನಲ್ಲಿ ದಪ್ಪಗೆ ಬರೆದೆ: ‘ಮನೆಯಲ್ಲೇ ಇದ್ದೇವೆ. ಹುಳು ಸಾಕಿದ್ದೇವೆ. ಈಗ ಬೇಡ.’ ಕೆಳಗೆ ನನ್ನ ಹೆಸರು.

“ಈ ಫಾರಂ ಹೋಗೋ ಕಡೆ ಕನ್ನಡ ಓದೋರು ಯಾರೂ ಇಲ್ಲಮ್ಮ” ಎಂದರು.

“ಕಲೀಲಿ ಬಿಡಿ” ಎಂದೆ.

ಅವರು ಹೋದರು. ಮಧ್ಯಾಹ್ನ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ಬಂದು, ಹೊಸಿಲ ಹೊರಗೇ ಇಳಿಸಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

“ನನ್ನವಕ್ಕೆ ಇನ್ನು ಬೇಡ, ಇವಾದ್ರೂ ತಿನ್ಲಿ” ಎಂದಳು. “ತೋಟದಿಂದ ನೆಟ್ಟಗೆ ತಂದಿದೀನಿ. ನನ್ನ ಮನೆ ಒಳಕ್ಕೆ ಒಯ್ದಿಲ್ಲ ಕಣೇ.”