ಗುಡ್ಡೆಮಾಂಸಕ್ಕೆ ಹೊರಟ ಜೀಪು

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ನನ್ನ ತವರೂರಿನಲ್ಲಿ ಹತ್ತಾರು ಮನೆಯವರು ಸೇರಿ ಆಡು ತಂದು, ಕಡಿದು, ಮಾಂಸವನ್ನು ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಮನೆಗೊಂದು ಗುಡ್ಡೆ. ಮನೆಯೆಂದರೆ ಗಂಡಸಿನ ಮನೆ. ಮದುವೆಯಾಗಿ ಹೋದ ಹೆಣ್ಣುಮಗಳು ಅಣ್ಣನ ಗುಡ್ಡೆಯಲ್ಲಿ ಉಂಡು, ಬಾಯಿ ಒರೆಸಿಕೊಂಡು ಬಸ್ಸು ಹತ್ತಬೇಕು. ಹಾಗೆ ಉಂಡೂ ಉಂಡೂ ನನಗೆ ರೇಗಿಹೋಗಿತ್ತು. ಕಳೆದ ವರ್ಷ ಅಣ್ಣನಿಗೆ ಫೋನು ಮಾಡಿ, ಈ ಸಲ ನನ್ನ ಹೆಸರಿಗೂ ಒಂದು ಗುಡ್ಡೆ ಬೇಕು, ಪಾಲು ನಾನೇ ಕಟ್ಟುತ್ತೇನೆ ಎಂದೆ.

ಗುಡ್ಡೆ ಹಾಕುವ ಉಸ್ತುವಾರಿ ಅಣ್ಣನದೇ. ಅವನು ಮೊದಲು ಮನಸಾರೆ ನಕ್ಕ.

"ಆಯ್ತು ಕಣಮ್ಮಿ. ಆದ್ರೆ ಪಾಲುದಾರ್ರೆಲ್ಲ ಅವರವರ ಗಾಡೀಲಿ ಬಂದು ತಕ್ಕೊಂಡೋಯ್ತಾರೆ. ನೀನೂ ನಿನ್ ಜೀಪಲ್ಲೇ ಬಾ. ಊರ್ ಮುಂದಿನ ದಿಣ್ಣೆ ಹತ್ತುದ್ರೆ ನಿಂಗೊಂದ್ ಗುಡ್ಡೆ. ಇಲ್ಲಾಂದ್ರೆ ನಿನ್ ಪಾಲು ನನ್ ಪಾತ್ರೇಗೆ."

ನಮ್ಮ ಜೀಪಿನ ಯೋಗ್ಯತೆ ಗೊತ್ತಿದ್ದೇ ಹಾಗೆಂದ. ಚನ್ನಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ ನಿಂತಿರುವ ಅದು ನಮ್ಮ ಮಾವನವರ ಕಾಲದ ಪೆಟ್ರೋಲ್ ಜೀಪು. ಅದು ಓಡಿದ್ದಕ್ಕಿಂತ ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟದ್ದೇ ಹೆಚ್ಚು.

ನಾನು ಹಿಟ್ಟಿನ ಗಿರಣಿ ನಡೆಸಿದವಳು. ಎಂಜಿನ್ನು ಕೆಮ್ಮಿದರೆ ಅದಕ್ಕೆ ಏನಾಗಿದೆ ಎಂದು ಸುಮಾರಾಗಿ ತಿಳಿಯುತ್ತದೆ. ನಮ್ಮ ಯಜಮಾನರು ನಿವೃತ್ತ ಮೇಷ್ಟರು. ಅವರಿಗೆ ತಿಳಿಯುವುದೆಲ್ಲ ಫೋನಿನ ವಿಡಿಯೋ ನೋಡಿಯೇ. ಅವರು ಮೊದಲು ಬ್ಯಾಟರಿ ಎಂದರು, ಆಮೇಲೆ ಪ್ಲಗ್ಗು ಎಂದರು, ಕೊನೆಗೆ ಯಾರದೋ ಕಣ್ಣು ಬಿದ್ದಿದೆ ಎಂದರು. ಬ್ಯಾಟರಿ ಹೊಸದಾಯಿತು, ಪ್ಲಗ್ಗು ಉಜ್ಜಿದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟದ್ದಾಯಿತು. ಜೀಪು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಆಗ ನಾನು, ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರಿನ ಬಾಯಿಗೆ ಒಂದು ಚಮಚ ಪೆಟ್ರೋಲು ಹುಯ್ದು ಸ್ಟಾರ್ಟ್ ಮಾಡಿಸಿದೆ. ಚಮಚದಷ್ಟು ಹೊತ್ತು ಚೆನ್ನಾಗಿ ಓಡಿ ನಿಂತಿತು. ಅಲ್ಲಿಗೆ ರೋಗ ಗೊತ್ತಾಯಿತು. ಟ್ಯಾಂಕಿನ ಪೆಟ್ರೋಲು ಕಾರ್ಬುರೇಟರು ದಾಟಿ ಎಂಜಿನ್ನಿಗೆ ಹೋಗುತ್ತಿರಲಿಲ್ಲ.

ಬಿಚ್ಚಿ ನೋಡಿದರೆ ಒಳಗೆ ಹಳೆಯ ಪೆಟ್ರೋಲು ಹಲಸಿನ ಮೇಣದ ಹಾಗೆ ಅಂಟಿ ಕೂತಿತ್ತು. ಹಳೆಯ ಬೆಡ್‌ಶೀಟಿನ ಮೇಲೆ ಎಲ್ಲವನ್ನೂ ಹರಡಿದೆ. ಪೆಟ್ರೋಲು ಚಿಮ್ಮುವ ಜೆಟ್ಟುಗಳ ಸೂಜಿಮೊನೆಯಷ್ಟು ತೂತುಗಳನ್ನು ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಬಿಡಿಸಿದೆ. ಬೆಂಗಳೂರಿನಿಂದ ಹೊಸ ವಾಷರುಗಳು ಬಂದವು. ಇನ್ನೇನು ಎಲ್ಲವನ್ನೂ ಜೋಡಿಸಬೇಕು, ಅಷ್ಟರಲ್ಲಿ ಫ್ಲೋಟು ಕಾಣೆ. ಫ್ಲೋಟೆಂದರೆ ಹಿತ್ತಾಳೆಯ ಟೊಳ್ಳು ಬುರುಡೆ. ಮನೆಯ ನೀರಿನ ಟ್ಯಾಂಕಿನ ಚೆಂಡಿನ ಹಾಗೆ ಅದು ತೇಲಿ, ಪೆಟ್ರೋಲು ಸಾಕಾದಾಗ ಅದು ಒಳಬರುವ ಬಾಗಿಲು ಮುಚ್ಚುತ್ತದೆ.

ಅದು ಸಿಕ್ಕಿದ್ದು ದೇವರ ಮನೆಯಲ್ಲಿ. ಹಬ್ಬಕ್ಕೆ ದೀಪದ ಕಂಬಗಳನ್ನು ಉಜ್ಜಿರೆಂದು ನಾನು ಯಜಮಾನರಿಗೆ ಹೇಳಿದ್ದೆ. ಅವರು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ದೀಪಗಳ ಜೊತೆ ಫ್ಲೋಟನ್ನೂ ತಿಕ್ಕಿ ತೊಳೆದು, ಕುಂಕುಮದ ಬೊಟ್ಟಿಟ್ಟು, ಸಾಲಾಗಿ ಕೂರಿಸಿದ್ದರು.

"ಹಿತ್ತಾಳೆ ಅಂದ್ಮೇಲೆ ಎಲ್ಲಾ ಒಂದೇ ಅಲ್ವಾ? ನೋಡು, ಹೆಂಗ್ ಹೊಳೀತೈತೆ!" ಎಂದರು.

ನಿಜಕ್ಕೂ ಹೊಳೆಯುತ್ತಿತ್ತು. ಬೊಟ್ಟು ಒರೆಸಿ ಜೋಡಿಸಿದೆ. ಜೀಪು ಸ್ಟಾರ್ಟೂ ಆಯಿತು. ಇಬ್ಬರೂ ಕುಣಿದಾಡುವಷ್ಟರಲ್ಲಿ ಕಾರ್ಬುರೇಟರಿನಿಂದ ಪೆಟ್ರೋಲು ಸೋರಿ ನೆಲಕ್ಕೆ ಹರಿಯತೊಡಗಿತು. ಆರಿಸಿ, ಬಿಚ್ಚಿ, ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಎಳನೀರಿನ ಹಾಗೆ ಗುಳುಗುಳು ಎಂದಿತು. ಮೇಷ್ಟರು ಹಳೆಯ ಬೆಸುಗೆಯನ್ನು ಉಜ್ಜಿ ತೂತು ಮಾಡಿದ್ದರು. ಒಳಗೆ ಪೆಟ್ರೋಲು ತುಂಬಿ ಅದು ತೇಲುತ್ತಿರಲಿಲ್ಲ. ಬೊಗಳೆ ಹೊಡೆಯದೆ ಮಾಡಿದ ಒಂದೇ ಒಂದು ಕೆಲಸ ಹೀಗಾಯಿತಲ್ಲ ಎಂದು ನಾನು ಸಹಸ್ರನಾಮ ಶುರು ಮಾಡಿದೆ.

ತೂತು ಎಲ್ಲಿದೆ ಎಂದು ತಿಳಿಯಲು ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಏಳುವ ಕಡೆ ತೂತು. ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಕಾದಿದ್ದ ನೀರಿನಿಂದ ಒಂದು ಬಕೆಟ್ಟನ್ನು ಒಲೆಯಿಂದ ದೂರ ಬಚ್ಚಲ ಹೊರಗಿಟ್ಟು, ಅದರಲ್ಲಿ ಫ್ಲೋಟನ್ನು ಮುಳುಗಿಸಿದೆ. ದಾರದ ಹಾಗೆ ಗುಳ್ಳೆ ಎದ್ದಿತು. ಜಾಗಕ್ಕೆ ಗುರುತು ಹಾಕಲು ಮೊಳೆ ತರೋಣವೆಂದು ಒಳಗೆ ಹೋದೆ. ಆಗ ಬಚ್ಚಲಿನಿಂದ, ಮೈತುಂಬ ಹರಳೆಣ್ಣೆ, ಕಣ್ಣುತುಂಬ ಸೀಗೆಪುಡಿಯಾಗಿ ತಡವರಿಸುತ್ತ ಬಂದ ಯಜಮಾನರು ಕೈಗೆ ಸಿಕ್ಕ ಆ ಬಕೆಟ್ಟನ್ನೇ ಎತ್ತಿ ತಲೆಯ ಮೇಲೆ ಸುರಿದುಕೊಂಡರು. ಫ್ಲೋಟು ನೆತ್ತಿಗೆ ಟಣ್ಣೆಂದಿತು.

"ಯಾವನ್ಲಾ ಅವ್ನು ನಂಗೊಡ್ದೋನು!"

ಅಂದು ಅವರ ಮೈ ಪೆಟ್ರೋಲ್ ಬಂಕಿನ ಹಾಗೆ ನಾರುತ್ತಿತ್ತು. ದೀಪದ ಹತ್ತಿರ ಬರಬೇಡಿರೆಂದು ಅವರನ್ನು ಅಂಗಳದಲ್ಲೇ ನಿಲ್ಲಿಸಿ, ಬೇವುಬೆಲ್ಲವನ್ನು ಕಿಟಕಿಯಿಂದ ಕೊಟ್ಟೆ. ಬೇವೇ ಹೆಚ್ಚು ಹಾಕಿದ್ದೆ.

ಪಾಪ, ಮತ್ತೆ ಎರಡು ಸಲ ಮೈ ತೊಳೆದುಕೊಂಡು ಬಂದು ಬೆಸುಗೆ ಹಾಕಿಕೊಟ್ಟವರೂ ಅವರೇ. ಕನ್ನಡಕ ರಿಪೇರಿಗೆಂದು ತಂದಿಟ್ಟ ಸೋಲ್ಡರಿಂಗ್ ಕಡ್ಡಿ ಅವರ ಬಳಿ ಇತ್ತು. ಫ್ಲೋಟಿನೊಳಗಿನದನ್ನು ಪೂರ್ತಿ ಬಸಿದು, ಬಿಸಿಲಿಗಿಟ್ಟು, ವಾಸನೆ ಹೋದ ಮೇಲೆ ಕೊಟ್ಟೆ. ಅವರು ಹಾಕಿದ ಬೆಸುಗೆ ಗುಬ್ಬಚ್ಚಿ ಮೊಟ್ಟೆಯಷ್ಟಿತ್ತು. ಭಾರವಾದರೆ ಫ್ಲೋಟು ಮುಳುಗುತ್ತದೆಂದು ಅರದಲ್ಲಿ ಉಜ್ಜಿ ಉಜ್ಜಿ ತೆಳುವಾಗಿಸಿದೆ. ಮತ್ತೆ ಬಿಸಿನೀರಲ್ಲಿ ಮುಳುಗಿಸಿದಾಗ ಗುಳ್ಳೆ ಏಳಲಿಲ್ಲ. ಸಂಜೆ ಜೀಪು ಸೋರದೆ ಓಡಿತು.

ಹೊಸತೊಡಕಿನ ಬೆಳಿಗ್ಗೆ ಕನಕಪುರ ದಾಟಿ, ಕೋಡಿಹಳ್ಳಿ ದಾರಿ ಹಿಡಿದು, ಜೀಪಿನ ಕೆಮ್ಮು ಕೇಳುತ್ತಾ ಕೇಳುತ್ತಾ ತವರಿನ ದಿಣ್ಣೆಯ ಬುಡಕ್ಕೆ ಬಂದೆವು. ಮೇಲೆ ಊರ ಗಂಡಸರೆಲ್ಲ ನಿಂತಿದ್ದರು. ಅರ್ಧ ದಿಣ್ಣೆ ಹತ್ತಿದ ಜೀಪು ಮೂತಿ ಎತ್ತಿಕೊಂಡು ನಿಂತುಹೋಯಿತು. ಕೆಳಗಿಳಿಸಿ ಮತ್ತೆ ಹತ್ತಿಸಿದೆ. ಅದೇ ಜಾಗದಲ್ಲಿ ಮತ್ತೆ ನಿಂತಿತು. ಮೇಲಿನಿಂದ ಶಿಳ್ಳೆ ಬಂತು.

"ಒಸಿ ಬೇಗ ಬಾರಮ್ಮಿ, ಮಸಾಲೆ ಅರೀತಾವ್ರೆ!" ಎಂದು ಅಣ್ಣ ಕೂಗಿದ.

"ನಡ್ಕೊಂಡೋಗಿ ಕೇಳನ ಬಾ, ಕೊಡ್ತಾನೆ," ಎಂದರು ಯಜಮಾನರು.

"ಕೇಳಿ ಇಸ್ಕೊಳ್ಳೋಕೆ ನಾನೇನು ಭಿಕ್ಷೆಗೆ ಬಂದಿದ್ದೀನಾ?" ಎಂದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಒಂದು ತುಂಡು ಮಾಂಸಕ್ಕೆ ಯಾರು ಅಳುತ್ತಾರೆ? ಹುಟ್ಟಿದ ಊರಿನಲ್ಲಿ ನನಗೊಂದು ಎಲೆ ಹಾಸಲಿ ಎಂಬ ಆಸೆ, ಅಷ್ಟೇ.

ಸ್ಟಿಯರಿಂಗ್ ಹಿಡಿದು ಯೋಚಿಸಿದೆ. ಜೀಪಿನ ಮೂತಿ ಮೇಲಾದಾಗ ಕಾರ್ಬುರೇಟರಿನ ಬಟ್ಟಲಿನ ಪೆಟ್ರೋಲು ಒಂದು ಕಡೆಗೆ ವಾಲಿ, ಜೆಟ್ಟಿಗೆ ಸಿಗುವುದಿಲ್ಲ. ಮೂತಿ ಕೆಳಗಾದರೆ? ಹೊಲದ ಬದುವಿನಲ್ಲಿ ಜೀಪನ್ನು ತಿರುಗಿಸಿ, ರಿವರ್ಸ್ ಗೇರಿಗೆ ಹಾಕಿದೆ. ಯಜಮಾನರು ಪಂಚೆ ಎತ್ತಿಕಟ್ಟಿ ದಾರಿ ಪಕ್ಕದಲ್ಲಿ ಓಡುತ್ತ "ಬಾ ಬಾ ಬಾ, ಒಸಿ ಎಡಕ್ಕೆ, ಅಯ್ಯೋ ನನ್ನೆಡಕ್ಕಲ್ಲ!" ಎಂದು ಕೂಗುತ್ತಿದ್ದರು. ಕತ್ತು ಹಿಂದಕ್ಕೆ ತಿರುವಿಕೊಂಡು, ಇಡೀ ಊರಿಗೆ ಸ್ಪೇರ್ ಟೈರು ತೋರಿಸಿಕೊಂಡು ನಾನು ದಿಣ್ಣೆ ಹತ್ತಿದೆ. ಜೀಪು ಒಂದು ಸಲವೂ ಕೆಮ್ಮಲಿಲ್ಲ.

"ಹಿಂದ್ಮುಂದಾಗಿ ಬಂದ್ರೆ ಲೆಕ್ಕಕ್ಕಿಲ್ಲ ಕಣ್ಲಾ," ಎಂದು ಗುಂಪಿನಲ್ಲಿ ಯಾರೋ ಅಂದರು. ಅಣ್ಣ ಗುಡ್ಡೆಗಳ ಮುಂದೆ ನಿಂತು ಮನೆಗಳ ಹೆಸರು ಕೂಗುತ್ತ ಹೋದ. ಮೇಗಲ ಮನೆ, ಬಾವಿ ಮನೆ, ಹುಣಸೆಮರದ ಮನೆ. ಒಬ್ಬೊಬ್ಬರೇ ಬಂದು ತೆಗೆದುಕೊಂಡು ಹೋದರು. ಕೊನೆಗೆ ಒಂದು ಎಲೆ ಉಳಿಯಿತು. ಆ ಊರಿನಲ್ಲಿ ನನ್ನ ಮನೆಗೆ ಹೆಸರೇ ಇಲ್ಲ. ಅಣ್ಣ ನನ್ನನ್ನೊಮ್ಮೆ ನೋಡಿದ, ಜೀಪನ್ನೊಮ್ಮೆ ನೋಡಿದ.

"ಜೀಪಿನ್ ಮನೆ!" ಎಂದು ಕೂಗಿದ.

ಯಜಮಾನರು ಅಭ್ಯಾಸದ ಹಾಗೆ ಮುಂದೆ ಹೋಗಿ ಕೈ ಚಾಚಿದರು. ಅಣ್ಣ ಎಲೆಯನ್ನು ಹಿಂದಕ್ಕೆಳೆದುಕೊಂಡ.

"ನೀವಲ್ಲ ಭಾವ. ಮನೆ ಯಜಮಾನ್ರು ಬರ್ಲಿ."

ಅವನು ಕರೆದದ್ದು ನನ್ನನ್ನೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು.